ಮಾವನ ಕಾರಿನ ವಾಲಗ

ಕಾರಿನ ಸ್ಟೀರಿಯೋ ಸತ್ತುಹೋಗಿದೆ ಎಂದು ಅಂಕಯ್ಯನವರು ಹೇಳಿದ ಮೇಲೆ, ಅದು ನಿಜವಾಗಿಯೂ ಸತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಂಕಯ್ಯನವರು ಹೇಳಿದ್ದೆಂದರೆ ಆಗಿಹೋದ ಮಾತು. ಹೊಂಗನೂರಿನಲ್ಲಿ ರೇಷ್ಮೆ ಬೆಳೆದು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು ಅವರು. ಈಚೀಚೆಗೆ ಮನೆಯವರು ಏನಾದರೂ ಕೇಳಿದರೆ ಉತ್ತರ ಕೊಡುವ ಅಭ್ಯಾಸವನ್ನೂ ಬಿಟ್ಟಿದ್ದರು.

"ಮೊದಮೊದ್ಲು ಸೌಂಡು ಕಮ್ಮಿ ಆಯ್ತಾ ಬಂತು," ಎಂದು ಭಾನುವಾರ ಮಧ್ಯಾಹ್ನ ಚನ್ನಪಟ್ಟಣದ ಮಗಳ ಮನೆಯ ಜಗಲಿಯ ಮೇಲೆ ಕೂತು ಅವರು ಇಡೀ ಬೀದಿಗೆ ಕೇಳುವಂತೆ ಹೇಳಿದರು. "ಆಮೇಲೆ ನಿಂತೇ ಓಯ್ತು. ವಾಲಗ ಇಲ್ದೆ ಗಾಡಿ ಓಡ್ಸೋದು ಅಂದ್ರೆ ಸಾರಿಲ್ದೆ ಮುದ್ದೆ ನುಂಗ್ದಂಗೆ ಕಣಪ್ಪ. ಇಂಜಿನ್ ಮಾತ್ರ ಈಗೀಗ ಬೆಣ್ಣೆ ಆಗೈತೆ. ಸದ್ದೇ ಇಲ್ಲ."

ಆ ಹಳೆಯ ಬಿಳಿ ಕಾರು ಬೀದಿಗೆ ತಿರುಗಿದರೆ ರಾಗಿ ಮಿಲ್ಲೇ ಎದ್ದು ನಡೆದುಕೊಂಡು ಬಂದಂತೆ ಕೇಳುತ್ತಿತ್ತು. ಆದರೂ ತನ್ನ ಗಾಡಿಯನ್ನು ತಾನೇ ಯಾರು ಹಳಿಯುತ್ತಾರೆ ಎಂದುಕೊಂಡು ಎಲ್ಲರೂ ತಲೆಯಾಡಿಸಿದರು.

ಯುಗಾದಿಯ ದಿನ ಅವರು ಇನ್ನೊಂದು ಮಾತು ಹೇಳಿದ್ದರು. ವಯಸ್ಸಾಯಿತು, ಗಾಡಿ ಓಡಿಸುವುದು ಸಾಕು, ಇಬ್ಬರು ಅಳಿಯಂದಿರಲ್ಲಿ ಯಾರು ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಅವರಿಗೆ ಕೊಟ್ಟುಬಿಡುತ್ತೇನೆ ಎಂದು. ಕನಕಪುರದ ದೊಡ್ಡ ಅಳಿಯ ಪ್ರಕಾಶ್, ತನ್ನದೇ ಒಂದು ಗಾಡಿ ಇದ್ದರೂ, ಮುಂದಿನ ವಾರವೇ ಸೀಟುಗಳಿಗೆ ಹೊಸ ಕವರು ಹಾಕಿಸಿದ್ದ. ಅವನು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುವವನು, ಕೂಗಿಯೇ ಮಾತಾಡಿ ಅಭ್ಯಾಸ. ಮಾವ ಅವನ ಜೊತೆ ಮಾತ್ರ ಗಂಟೆಗಟ್ಟಲೆ ಹರಟುತ್ತಿದ್ದರು. ಚಿಕ್ಕ ಅಳಿಯ ಮುನಿಕೃಷ್ಣನದು ಮೆಲುದನಿ. ಅವನು ಏನು ಹೇಳಿದರೂ ಮಾವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ನನ್ನನ್ನು ಕಂಡರೆ ಅವರಿಗೆ ತಾತ್ಸಾರ ಎಂದು ಅವನು ಬಹಳ ಹಿಂದೆಯೇ ತೀರ್ಮಾನಿಸಿದ್ದ.

ಅವನಿಗೆ ಆ ಕಾರು ಬೇಕೇ ಬೇಕಿತ್ತು. ಹೊತ್ತು ಸಿಕ್ಕಾಗ ಅವನು ಗೊಂಬೆಗಳ ಮೂಟೆ ಕಟ್ಟಿಕೊಂಡು ರಾಮನಗರ, ಮಾಗಡಿಯ ಅಂಗಡಿಗಳಿಗೆ ಮೊಪೆಡ್ಡಿನಲ್ಲಿ ಹಾಕಿ ಬರುತ್ತಿದ್ದ. ಮೂಟೆ ಹಿಡಿದುಕೊಳ್ಳಲು ಹಿಂದೆ ಜ್ಯೋತಿಲಕ್ಷ್ಮಿ ಕೂರುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನನ್ನು ತಬ್ಬಿಕೊಂಡಿದ್ದಕ್ಕಿಂತ ಮೂಟೆಯನ್ನು ತಬ್ಬಿಕೊಂಡಿದ್ದೇ ಹೆಚ್ಚು. ಅದಕ್ಕೇ ಸ್ಟೀರಿಯೋ ಸತ್ತ ಸುದ್ದಿ ಕೇಳಿ ಮುನಿಕೃಷ್ಣನ ಮುಖ ಅರಳಿತು.

"ಗಾಡಿ ಇಲ್ಲೇ ಬುಟ್ಟೋಗಿ ಮಾವ. ಹೊಸದು ಹಾಕಿ ನಾಳೆ ಸಂಜೆಗೆ ರೆಡಿ ಮಾಡ್ತೀನಿ," ಎಂದ.

ಮಾವ ಕ್ಯಾಲೆಂಡರ್ ನೋಡಿದರು. ಅವನು ಕೈಸನ್ನೆ ಮಾಡಿ ಇನ್ನೊಮ್ಮೆ ಹೇಳಿದ ಮೇಲೆ ಕೀಲಿ ಕೊಟ್ಟು, ಹೊಂಗನೂರಿನ ಬಸ್ಸು ಹತ್ತಿದರು.

ಮುನಿಕೃಷ್ಣ ಪಕ್ಕದ ಬಾಬಾಜಾನರ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಾಕುವವನು. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಅಂಟುತ್ತದೆ. ಅಂಟಿಸುವವನ ಕಣ್ಣು ಮಾತ್ರ ಚುರುಕಾಗಿರಬೇಕು. ಬೇರೆಯವರು ಕೆಂಪು ಎಂದು ಸುಮ್ಮನಾಗುವ ಕಡೆ ಮುನಿಕೃಷ್ಣನಿಗೆ ಕುಂಕುಮ, ಇಟ್ಟಿಗೆ, ದಾಸವಾಳ, ಒಣಮೆಣಸಿನಕಾಯಿ ಎಲ್ಲ ಬೇರೆಬೇರೆಯಾಗಿ ಕಾಣುತ್ತಿದ್ದವು.

ಕಣ್ಣಿನಷ್ಟೇ ಚುರುಕಾಗಿದ್ದದ್ದು ಅವನ ಕುತೂಹಲ. ಮುಚ್ಚಿದ್ದು ಏನು ಕಂಡರೂ ಒಳಗೇನಿದೆ ಎಂದು ನೋಡದೆ ಇರಲಾರ. ಮಿಕ್ಸಿ, ಗೋಡೆ ಗಡಿಯಾರ, ಹೆಂಡತಿಯ ತವರಿನಿಂದ ಬಂದ ಇಸ್ತ್ರಿಪೆಟ್ಟಿಗೆ ಎಲ್ಲವೂ ಅವನ ಕೈಯಲ್ಲಿ ಬಿಚ್ಚಿಕೊಂಡಿದ್ದವು. ಬಿಚ್ಚಿಕೊಂಡವು ಅಟ್ಟದ ಗೋಣಿಚೀಲದಲ್ಲಿ ಒಂದಕ್ಕೊಂದು ಬೆರೆತು ಹೊಸ ಸಂಸಾರ ಹೂಡಿದ್ದವು. ಜ್ಯೋತಿಲಕ್ಷ್ಮಿ ಸ್ಕ್ರೂಡ್ರೈವರನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಡುವುದಕ್ಕೆ ಅದೇ ಕಾರಣ. ಸೋಮವಾರ ಬೆಳಿಗ್ಗೆ ಅವಳು ಎದ್ದು ನೋಡುವಾಗ ಗಂಡನ ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು.

"ಅಂಗಡಿಗೆ ಕೊಡಿ ಅಂದ್ರೆ ಕೇಳಲ್ವಲ್ಲ ನೀವು."

"ಅಂಗಡಿಯವನು ಮಾಡಿದ್ರೆ ಅಂಗಡಿಯವನು ಮಾಡ್ದಂಗಾಯ್ತದೆ. ನಾನು ಮಾಡಿದ್ರೆ ನಾನು ಮಾಡಿದೀನಿ ಅಂತ ನಿಮ್ಮಪ್ಪಂಗೆ ಗೊತ್ತಾಯ್ತದೆ."

"ಅದೇ ನಂಗೂ ಭಯ," ಎಂದು ಅವಳು ಒಳಗೆ ಹೋದಳು.

ಹಳೆಯ ಸೆಟ್ಟು ಹಲ್ಲು ಕಿತ್ತಷ್ಟು ಸುಲಭವಾಗಿ ಬಂತು. ಅದರ ಹಿಂದಿನಿಂದ ಬೂದಿ ಬಣ್ಣದ ಒಂದು ಕಟ್ಟು ತಂತಿ ಹೊರಗೆ ಇಳಿಬಿತ್ತು. ಯಾವ ಕಾಲದಲ್ಲೋ ಯಾವನೋ ಮೆಕ್ಯಾನಿಕ್ಕು ಎಲ್ಲಕ್ಕೂ ಒಂದೇ ಬಣ್ಣದ ತಂತಿ ಹಾಕಿದ್ದ. ಮುನಿಕೃಷ್ಣನಿಗೆ ನೋಡಿಯೇ ಅಸಹ್ಯವಾಯಿತು. ಹಿಂದಿನ ರಾತ್ರಿ ಫೋನಿನಲ್ಲಿ ನೋಡಿದ ವಿಡಿಯೋದಲ್ಲಿ ಕೆಂಪು ತಂತಿಗೆ ಕೆಂಪು, ಹಳದಿಗೆ ಹಳದಿ, ಕಪ್ಪಿಗೆ ಕಪ್ಪು ಎಂದು ಒಬ್ಬಾತ ಬೆರಳು ಮಡಚಿ ಹೇಳಿದ್ದ. ಭಾನುವಾರ ಸಂಜೆ ಕೊಂಡು ತಂದಿದ್ದ ಹೊಸ ಸೆಟ್ಟಿನ ತಂತಿಗಳೂ ಹಾಗೇ ಬಣ್ಣಬಣ್ಣವಾಗಿದ್ದವು. ಬಣ್ಣವಿಲ್ಲದ್ದನ್ನು ನಂಬುವುದು ಹೇಗೆ? ಅವನು ಬೂದಿ ಕಟ್ಟನ್ನು ಪಕ್ಕಕ್ಕೆ ತಳ್ಳಿ, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಹುಡುಕಿದ. ಅಲ್ಲಿ ಆಳದಲ್ಲಿ ದಾಸವಾಳದಂಥ ಕೆಂಪು ತಂತಿಯೊಂದಿತ್ತು, ಹೊಸ ಸೆಟ್ಟಿನದು ಅಚ್ಚು ಅದೇ ಕೆಂಪು. ಹತ್ತಿರದಲ್ಲೇ ಹಳದಿಯೂ ಇತ್ತು. ಅವನಿಗೆ ಜಾತಕ ಕೂಡಿಬಂದಷ್ಟು ಸಂತೋಷವಾಯಿತು.

ಸ್ಪೀಕರಿನ ಪಿನ್ನು ಚುಚ್ಚಿ, ತಂತಿಗಳನ್ನು ಬೆಸೆದು ಕೀಲಿ ತಿರುಗಿಸಿದ. ಸೆಟ್ಟು ಸುಮ್ಮನಿತ್ತು. ವೈಪರ್ ಮಾತ್ರ ಎದ್ದು, ಒಣ ಗಾಜನ್ನು ಗರಗರ ಒರೆಸತೊಡಗಿತು.

ಅವತ್ತು ಲೈನ್ ಕೆಲಸವೆಂದು ಸಂಜೆವರೆಗೆ ಕರೆಂಟ್ ಇರಲಿಲ್ಲ. ಲೇತು, ನೂಲು ತೆಗೆಯುವ ಯಂತ್ರ ಎಲ್ಲ ನಿಂತು ಬೀದಿಯ ಜನಕ್ಕೆ ಕೈ ಖಾಲಿಯಾಗಿತ್ತು. ಬಿಸಿಲಲ್ಲಿ ಓಡುವ ವೈಪರ್ ಕಂಡು ಮೊದಲು ಬಂದವನು ಎದುರು ಮನೆಯ ಖಲಂದರ್. ಅವನು ಗೂಡಿನಿಂದ ರೇಷ್ಮೆ ನೂಲು ತೆಗೆಸುವವನು. ತನ್ನ ಮೋಟಾರುಗಳನ್ನು ತಾನೇ ರಿಪೇರಿ ಮಾಡಿಕೊಳ್ಳುವುದರಿಂದ ಕರೆಂಟಿನ ಮಟ್ಟಿಗೆ ತನ್ನ ಮಾತೇ ಕೊನೆಯದೆಂದು ನಂಬಿದ್ದ.

"ಏನ್ಲಾ ಮುನಿ, ಮಳೆ ಬರೋ ಮುಂಚೆನೇ ವೈಪರ್ ಹಾಕಿದೀಯ."

"ಪರೀಕ್ಷೆ ಮಾಡ್ತಾ ಇದೀನಿ."

"ಆಕಡೆ ಸರಿ. ಇದು ಗೂಡು ಇದ್ದಂಗೆ ಕಣ್ಲಾ. ಎಳೆ ತುದಿ ಒಂದು ಸಿಕ್ಕಿದ್ರೆ ಸಾಕು, ಮಿಕ್ಕಿದ್ದು ತಾನಾಗೇ ಬತ್ತದೆ."

ಖಲಂದರ್ ಕೆಂಪು ತಂತಿ ಬಿಡಿಸಿ, ಹಸಿರಿನ ಪಕ್ಕದ ಇನ್ನೊಂದಕ್ಕೆ ಸುತ್ತಿದ. ಸೆಟ್ಟಿನ ನೀಲಿ ದೀಪ ಹತ್ತಿತು, ಪೆನ್‌ಡ್ರೈವಿನಲ್ಲಿದ್ದ ಮಾವನ ವಾಲಗ ಶುರುವಾಯಿತು, ನಿಂತಿತು. ಮತ್ತೆ ಶುರುವಾಯಿತು, ನಿಂತಿತು. ಅವನು ಕೈ ಹಾಕಿದ್ದು ಇಂಡಿಕೇಟರಿನ ತಂತಿಗೆ. ಎಡಕ್ಕೆ ತಿರುಗುವ ದೀಪ ಮಿಟುಕಿದಷ್ಟು ಹೊತ್ತು ನಾಗಸ್ವರ ಊದುತ್ತಿತ್ತು, ಆರಿದಾಗ ಉಸಿರು ಕಟ್ಟುತ್ತಿತ್ತು.

ಮೂಲೆಯಲ್ಲಿ ಬೋಂಡ ಕರಿಯುತ್ತಿದ್ದ ಮಾರಕ್ಕ ಜಾಲರಿ ಸೌಟು ಹಿಡಿದೇ ಎದ್ದು ಬಂದು ಕೇಳಿಸಿಕೊಂಡಳು. "ಊದೋನಿಗೆ ಬಿಕ್ಕಳಿಕೆ ಹತ್ತೈತೆ ಕಣಪ್ಪ, ಒಸಿ ನೀರು ಕುಡ್ಸಿ," ಎಂದಳು.

ಆ ಹೊತ್ತಿಗೆ ಬಾಬಾಜಾನರೂ ಬಂದರು. ಅವರು ವಯಸ್ಸಾದವರು, ನಿಧಾನ. ಯಾವುದಕ್ಕೂ ಮೊದಲು ಹಳೆಯ ಸೆಟ್ಟು ಕೆಟ್ಟಿರುವುದು ಎಲ್ಲಿ ಎಂದು ನೋಡೋಣ, ಆಗ ಹೊಸದನ್ನು ಕೂರಿಸುವ ಬಗೆ ತಿಳಿಯುತ್ತದೆ ಎಂದರು. ಖಲಂದರನ ಮನೆಯ ಯುಪಿಎಸ್ ಬ್ಯಾಟರಿ ಹೊರಗೆ ಬಂತು. ಬಾಬಾಜಾನರ ಕಾರ್ಖಾನೆಯ ಮೂಲೆಯಲ್ಲಿದ್ದ ಸ್ಪೀಕರಿಗೆ ಹಳೆಯ ಸೆಟ್ಟಿನ ತಂತಿ ಕಟ್ಟಿದರು. ಬ್ಯಾಟರಿ ಮುಟ್ಟಿಸಿದ್ದೇ ತಡ, ಹಳೆಯ ಸೆಟ್ಟಿನ ರೇಡಿಯೋದಿಂದ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪಿಗೆ ಬರುವ ರೋಗದ ಬಗ್ಗೆ ಸ್ಪಷ್ಟವಾಗಿ, ಖಣಖಣ ಎಂದು ಮಾತಾಡತೊಡಗಿದಳು.

ಎಲ್ಲರೂ ನಿಂತು ರೋಗದ ಲಕ್ಷಣಗಳನ್ನೂ ಪರಿಹಾರವನ್ನೂ ಪೂರ್ತಿ ಕೇಳಿದರು.

"ಇದು ಕೆಟ್ಟೇ ಇಲ್ವಲ್ಲೋ," ಎಂದರು ಬಾಬಾಜಾನ್.

"ಸೌಂಡೇ ಬರಲ್ಲ ಅಂತ ಮಾವ ಹೇಳಿದ್ರು."

"ಅವರು ಸುಳ್ಳು ಹೇಳೋ ಪೈಕಿ ಅಲ್ಲ. ಅಂದ್ರೆ ಸೆಟ್ಟು ಸರಿ ಐತೆ, ಗಾಡಿ ಒಳಗೇ ಎಲ್ಲೋ ಕೆಟ್ಟೈತೆ."

ಅಲ್ಲಿಂದ ಮುಂದೆ ಅದು ಸ್ಟೀರಿಯೋದ ವಿಷಯವಾಗಿ ಉಳಿಯಲಿಲ್ಲ, ಒಗಟಾಯಿತು. ಮುನಿಕೃಷ್ಣನ ಅಂಗೈ ನವೆಯತೊಡಗಿತು. ಮೊದಲು ಸ್ಪೀಕರುಗಳ ಸರದಿ. ಟಾರ್ಚಿನ ಸೆಲ್ಲನ್ನು ಅವುಗಳ ತಂತಿಗೆ ತಾಗಿಸಿದರೆ ಒಳ್ಳೆಯ ಸ್ಪೀಕರು ಟಪ್ ಎನ್ನುತ್ತದೆ ಎಂದು ಖಲಂದರ್ ಹೇಳಿದ. ಎರಡೂ ಟಪ್ ಟಪ್ ಎಂದು ಆರೋಗ್ಯವಾಗಿ ಉತ್ತರಿಸಿದವು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬಿಸಿಲಿಗೆ ಹಿಡಿದು ನೋಡಿದರು. ಯಾವುದೂ ಸುಟ್ಟಿರಲಿಲ್ಲ. ಹಾಗಾದರೆ ತಂತಿಯೇ ಎಲ್ಲೋ ನಡುವೆ ತುಂಡಾಗಿರಬೇಕು. ಖಲಂದರ್ ಸ್ಟೀರಿಂಗಿನ ಕೆಳಗೆ ಕೂತು ಎಳೆಯ ತುದಿ ಹುಡುಕಿ, ಬಿಸಿನೀರಿನ ಗೂಡಿನಿಂದ ನೂಲು ತೆಗೆಯುವ ನಾಜೂಕಿನಲ್ಲಿ ಎಳೆದ. ಅದು ಬಂತು. ಬರುತ್ತಲೇ ಇತ್ತು. ಒಂದರ ಹಿಂದೆ ಒಂದು ಬಳುಕುತ್ತ ಬಂದು, ಕೊನೆಗೆ ಕಾರಿನ ಇಡೀ ಕರುಳೇ ಅವನ ತೊಡೆಯ ಮೇಲೆ ಬಿತ್ತು. ಬ್ರೇಕ್ ದೀಪದ್ದು, ಹಾರ್ನಿನದು, ವೈಪರಿನದು, ಯಾವುದು ಯಾವುದೆಂದು ಹೇಳುವವರಿಲ್ಲ.

ಊಟಕ್ಕೆ ಕರೆಯಲು ಬಂದ ಜ್ಯೋತಿಲಕ್ಷ್ಮಿ ಅದನ್ನು ನೋಡಿ ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಕನಕಪುರದಿಂದ ಪ್ರಕಾಶನ ಫೋನು ಬಂತು. ಸ್ಪೀಕರಿಗೆ ಹಾಕದಿದ್ದರೂ ಬೀದಿಗೆಲ್ಲ ಕೇಳಿಸಿತು. ಕೆಲಸ ಎಲ್ಲಿಗೆ ಬಂತು, ಆಗದಿದ್ದರೆ ತನ್ನ ಪರಿಚಯದ ಮೆಕ್ಯಾನಿಕ್ಕನ್ನು ಕಳಿಸಲೇ ಎಂದು ಅವನು ಬಹಳ ಪ್ರೀತಿಯಿಂದ ವಿಚಾರಿಸಿದ. ಮುಗೀತಾ ಬಂತು ಎಂದು ಮುನಿಕೃಷ್ಣ ಹೇಳಿ ಫೋನಿಟ್ಟ.

ಒಂದೊಂದೇ ತಂತಿಯ ಚರ್ಮ ಸುಲಿದು, ಬ್ಯಾಟರಿಗೆ ಮುಟ್ಟಿಸಿ, ಏನು ಹತ್ತುತ್ತದೆ ಏನು ಕೂಗುತ್ತದೆ ಎಂದು ನೋಡಿ ಮತ್ತೆ ಕೂಡಿಸುವುದೇ ದಾರಿಯೆಂದು ಎಲ್ಲರೂ ಒಪ್ಪಿದರು. ಕೂಡಿಸಿದ ಕಡೆ ಸುತ್ತಲು ಖಲಂದರ್ ಕಪ್ಪು ಟೇಪ್ ತಂದ. ಮುನಿಕೃಷ್ಣ ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಹುಣ್ಣಿಗೆ ಕಟ್ಟಿದ ಬಟ್ಟೆಯ ಹಾಗೆ ಕಾಣುತ್ತದೆ, ಮಾವನ ಗಾಡಿಗೆ ಇದು ಬೇಡ ಎಂದ.

"ಅರಗು ಹಾಕು," ಎಂದರು ಬಾಬಾಜಾನ್. "ಅರಗಿನಲ್ಲಿ ಕರೆಂಟು ಹರಿಯಲ್ಲ. ಅಂದಾನೂ ಇರ್ತದೆ."

ಅದು ನಿಜ. ಅರಗಿನಲ್ಲಿ ಕರೆಂಟು ಹರಿಯುವುದಿಲ್ಲ. ಕಾರ್ಖಾನೆಯಿಂದ ಅರಗಿನ ಕಡ್ಡಿಗಳು ಬಂದವು. ಲೇತಿಗೆ ಕರೆಂಟಿಲ್ಲದ್ದರಿಂದ ಮಾರಕ್ಕನ ಬೋಂಡದ ಒಲೆಯಲ್ಲಿ ಅವನ್ನು ಕಾಯಿಸಿದರು. ದಾಸವಾಳದ ತಂತಿಗೆ ದಾಸವಾಳದ ಅರಗು, ಹಳದಿಗೆ ಅರಿಶಿನದ್ದು, ಹಸಿರಿಗೆ ಗಿಳಿಹಸಿರು. ಮುನಿಕೃಷ್ಣನ ಕೈ ಈಗ ತನಗೆ ಗೊತ್ತಿರುವ ಕೆಲಸಕ್ಕೆ ಬಂದಿತ್ತು. ಪ್ರತಿ ಕೂಡಿಕೆಯ ಮೇಲೂ ಗುಂಡನೆಯ ಮಣಿಯೊಂದು ಮೂಡಿತು. ಬಾಬಾಜಾನರು ಕೇದಗೆ ಗರಿಯಿಂದ ಒಂದೊಂದನ್ನೂ ಉಜ್ಜಿ ಹೊಳಪು ಕೊಟ್ಟರು. ಸ್ಟೀರಿಂಗಿನ ಕೆಳಗೆ ಹಸುಗೂಸಿನ ತೊಟ್ಟಿಲಿಗೆ ಕಟ್ಟುವಂಥ ಮಣಿಸರ ತೂಗಾಡಿತು. ಬೀದಿಯವರೆಲ್ಲ ಬಗ್ಗಿ ಬಗ್ಗಿ ನೋಡಿ ಹೋದರು. ಇಷ್ಟು ಚಂದದ ತಂತಿ ಯಾವ ಕಂಪನಿ ಕಾರಿನಲ್ಲೂ ಇರುವುದಿಲ್ಲ ಎಂದು ಖಲಂದರ್ ಹೇಳಿದ.

ಅಷ್ಟಾದರೂ ಸೆಟ್ಟು ಹಾಡಲಿಲ್ಲ. ಬಣ್ಣದ ತಂತಿಗಳೆಲ್ಲ ಮುಗಿದಿದ್ದವು. ವೈಪರ್ ಓಡಿತ್ತು, ದೀಪ ಹತ್ತಿತ್ತು, ಹಾರ್ನ್ ಕೂಗಿತ್ತು, ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ಬೋಂಡದ ತಟ್ಟೆ ತಂದ ಮಾರಕ್ಕ ಸೀಟಿನ ಪಕ್ಕ ಅನಾಥವಾಗಿ ಬಿದ್ದಿದ್ದ ಕಟ್ಟಿನ ಕಡೆ ಸೌಟು ತೋರಿಸಿದಳು. "ಈ ಬೂದಿ ಬಣ್ಣದವು ಏನ್ ತಪ್ಪು ಮಾಡಿದ್ವೋ?"

ಹಳೆಯ ಸೆಟ್ಟು ಕಿತ್ತಾಗ ಬಂದ ತಂತಿಗಳು ಅವು. ಬೇರೆ ಏನೂ ಉಳಿದಿಲ್ಲವೆಂಬ ಒಂದೇ ಕಾರಣಕ್ಕೆ ಮುನಿಕೃಷ್ಣ ಅವನ್ನು ಹೊಸ ಸೆಟ್ಟಿಗೆ ಸೇರಿಸಿದ. ನಾಗಸ್ವರ ಮೊಳಗಿತು, ಡೋಲು ಬಡಿಯಿತು. ಎಲ್ಲೂ ಬಿಕ್ಕಳಿಕೆ ಇಲ್ಲ. ಬೀದಿಯ ನಾಯಿ ಎದ್ದು ಬಾಲ ಅಲ್ಲಾಡಿಸಿತು. ಖಲಂದರ್ ಎಲ್ಲ ತನ್ನಿಂದಲೇ ಆದದ್ದೆಂಬಂತೆ ಕೈ ಒರೆಸಿಕೊಂಡ. ಬಾಬಾಜಾನರು ಮುನಿಕೃಷ್ಣನ ಬೆನ್ನು ತಟ್ಟಿದರು. ಕಾರು ನಿನ್ನದಾಯ್ತು ಬಿಡಪ್ಪ ಎಂದು ಮಾರಕ್ಕ ಬೋಂಡ ಹಂಚಿದಳು.

ಮುನಿಕೃಷ್ಣ ಮಾತ್ರ ಬೋಂಡ ಕೈಯಲ್ಲಿ ಹಿಡಿದು ನಿಂತಿದ್ದ. ಹಳೆಯ ಸೆಟ್ಟು ಚೆನ್ನಾಗಿದೆ. ಸ್ಪೀಕರ್ ಚೆನ್ನಾಗಿದೆ. ಫ್ಯೂಸು ಚೆನ್ನಾಗಿದೆ. ಬೂದಿ ತಂತಿಗಳೂ ಚೆನ್ನಾಗಿವೆ. ಮತ್ತೆ ಸೌಂಡು ಯಾಕೆ ಬರುತ್ತಿರಲಿಲ್ಲ? ಇಷ್ಟೆಲ್ಲ ಬಿಚ್ಚಿದರೂ ಕೆಟ್ಟದ್ದು ಕೈಗೆ ಸಿಕ್ಕಿರಲಿಲ್ಲ. ಅವನಿಗೆ ಮತ್ತೊಮ್ಮೆ ಬಿಚ್ಚಬೇಕೆನಿಸಿತು.

"ಕಾರಣ ಯಾಕ್ರೀ ನಿಮಗೆ? ಹಾಡ್ತಾ ಐತಲ್ಲ," ಎಂದು ಜ್ಯೋತಿಲಕ್ಷ್ಮಿ ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು.

ಕಾರಿನ ಗಾಜು ಏರಿಸಿ, ಕೈಕಾಲು ತೊಳೆದು, ಎಲ್ಲರೂ ಊಟಕ್ಕೆ ಹೋದರು. ಕಾರು ಏಪ್ರಿಲ್ ತಿಂಗಳ ಬಿಸಿಲಲ್ಲಿ ಒಂಟಿಯಾಗಿ ನಿಂತಿತು. ಒಳಗಿನ ಕಾವಿಗೆ ಸೀಟಿನ ಹೊಸ ಕವರು ಒಲೆಯ ಮೇಲಿನ ಹೆಂಚಿನಂತಾಯಿತು. ಅರಗು ಬಿಸಿಗೆ ಮೆತ್ತಗಾಗುತ್ತದೆ. ಆ ಬೀದಿಯ ಮುಕ್ಕಾಲು ಮನೆಗಳಲ್ಲಿ ಒಲೆ ಉರಿಯುವುದೇ ಆ ಒಂದು ಸಂಗತಿಯಿಂದ. ಅಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆ ಮಧ್ಯಾಹ್ನ ಅದು ನೆನಪಾದವರೂ ಯಾರೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮುನಿಕೃಷ್ಣ ಹೊಸ ಅಂಗಿ ತೊಟ್ಟು, ಮಾವನನ್ನು ಕರೆತರಲು ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೊರಟ. ಬೀದಿಯ ತುದಿಯಲ್ಲಿ ಎದುರಿಗೆ ಆಟೋ ನಿಂತಿತ್ತು. ಬ್ರೇಕ್ ಒತ್ತಿದ. ಕಾರು ಮೊದಲು ಕಿವಿ ಹರಿಯುವಂತೆ ಕೂಗಿ, ಆಮೇಲೆ ನಿಂತಿತು.

ಅವನು ಬ್ರೇಕಿನಿಂದ ಕಾಲು ತೆಗೆದ. ಕೂಗು ನಿಂತಿತು. ಮೆಲ್ಲಗೆ ಒತ್ತಿದ. ಕೂಗಿತು. ಬ್ರೇಕಿನ ತಂತಿಯ ಕುಂಕುಮದ ಮಣಿ ಮೆತ್ತಗಾಗಿ ಹಾರ್ನಿನ ಹಸಿರು ಮಣಿಯನ್ನು ಅಪ್ಪಿಕೊಂಡಿತ್ತು, ಒಳಗಿನ ಬೆತ್ತಲೆ ತಂತಿಗಳು ಒಂದಕ್ಕೊಂದು ತಾಗಿದ್ದವು. ಆಟೋದವನು ಕೆಳಗಿಳಿದು ಬಂದು, ಏನಪ್ಪ ನಿಂಗೆ ಅಷ್ಟು ಅವಸರ ಎಂದು ಕೇಳಿದ. ತಪ್ಪಾಯಿತು ಎನ್ನಲು ಮುನಿಕೃಷ್ಣ ಕಾರನ್ನು ಒಂದಿಷ್ಟು ಮುಂದೆ ತಂದು ನಿಲ್ಲಿಸಿದ. ನಿಲ್ಲಿಸುವುದೆಂದರೆ ಬ್ರೇಕ್ ಒತ್ತುವುದು. ಆಟೋದವನ ಮುಖಕ್ಕೇ ಹಾರ್ನ್ ಹೊಡೆದಂತಾಯಿತು. ಇಬ್ಬರನ್ನು ಬಿಡಿಸಲು ನಾಲ್ಕು ಜನ ಬರಬೇಕಾಯಿತು.

ದೊಡ್ಡ ರಸ್ತೆಯಲ್ಲಿ ಒಬ್ಬ ಅಜ್ಜಿ ದಾಟಲು ನಿಂತಿದ್ದಳು. ಅವನು ಮರ್ಯಾದೆಯಿಂದ ಕಾರು ನಿಲ್ಲಿಸಿ ಮುಂದೆ ಹೋಗುವಂತೆ ಕೈ ತೋರಿಸಿದ. ಕೈ ಹೋಗು ಎನ್ನುತ್ತಿತ್ತು, ಕಾರು ಅರಚುತ್ತಿತ್ತು. ಅಜ್ಜಿ ಕಿಟಕಿಯ ಹತ್ತಿರ ಬಂದು ಅವನನ್ನು ದಿಟ್ಟಿಸಿ ನೋಡಿದಳು. "ದಾರಿ ಬುಟ್ಟುಕೊಟ್ಟು ಬಯ್ಯೋನ್ನ ಇವತ್ತೇ ಮೊದ್ಲು ನೋಡಿದ್ದು ಕಣಪ್ಪ," ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ಮಾವ ಇರಲಿಲ್ಲ. ಊರಿನವರ ಗಾಡಿಯಲ್ಲಿ ಅಪ್ಪ ಆಗಲೇ ಮನೆಗೆ ಬಂದಾಯಿತು ಎಂದು ಜ್ಯೋತಿಲಕ್ಷ್ಮಿ ಫೋನು ಮಾಡಿದಳು. ಮುನಿಕೃಷ್ಣ ಹ್ಯಾಂಡ್‌ಬ್ರೇಕ್ ಎಳೆಯುತ್ತ ಬಿಡುತ್ತ, ಕುಂಟುವ ಎಮ್ಮೆಯ ಹಾಗೆ ಕಾರನ್ನು ಮನೆಗೆ ತಂದ.

ಅಂಕಯ್ಯನವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಸುತ್ತ ಖಲಂದರ್, ಬಾಬಾಜಾನ್, ಮಾರಕ್ಕ ತಮ್ಮ ತಮ್ಮ ಪಾಲಿನ ಹೊಗಳಿಕೆಗೆ ಕಾದು ನಿಂತಿದ್ದರು. ಹಾರ್ನಿನ ವಿಷಯ ಹೇಳಿ ತಂತಿ ಬಿಡಿಸಲು ಮುನಿಕೃಷ್ಣನಿಗೆ ಹೊತ್ತೇ ಸಿಗಲಿಲ್ಲ. ಮಾವ ಎದ್ದು ಬಂದು ಪಂಚೆ ಮೇಲೆತ್ತಿ ಡ್ರೈವರ್ ಸೀಟಿನಲ್ಲಿ ಕೂತೇಬಿಟ್ಟರು. ಇಂಜಿನ್ ಹಾಕದೆ ಬರೀ ಸೆಟ್ಟು ಹಾಕಿ ತೋರಿಸಿದರೆ ಬ್ರೇಕಿನ ಗೊಡವೆ ಬರುವುದಿಲ್ಲ ಎಂದು ಅವನು ಲೆಕ್ಕ ಹಾಕಿದ. ಕಿಟಕಿಯಿಂದ ಕೈ ತೂರಿಸಿ ಸೆಟ್ಟು ಹಾಕಿದ. ವಾಲಗ ಶುರುವಾಯಿತು.

"ಹಾಕಪ್ಪ," ಎಂದರು ಮಾವ.

"ಹಾಕಿದೀನಿ ಮಾವ."

ಮಾವ ಹೊಸ ಸೆಟ್ಟಿನ ನೀಲಿ ದೀಪವನ್ನು ನೋಡುತ್ತ, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಮುನಿಕೃಷ್ಣ ಸೌಂಡು ಹೆಚ್ಚಿಸಿದ. ಇನ್ನೂ ಹೆಚ್ಚಿಸಿದ. ಬಾಬಾಜಾನರ ಮಾಡಿನ ಪಾರಿವಾಳಗಳು ಹಾರಿಹೋದವು. ಕಾರ್ಖಾನೆಯ ಹಲಗೆಯ ಮೇಲೆ ಮರದ ಗೊಂಬೆಗಳು ತಲೆ ಕುಣಿಸತೊಡಗಿದವು. ಮಾರಕ್ಕ ಕಡಲೆಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು.

"ಎಲ್ಲಪ್ಪಾ?" ಎಂದರು ಮಾವ. "ಹೊಸದೂ ಅಂಗೇ ಐತಲ್ಲ. ಸೌಂಡೇ ಇಲ್ಲ."

ಖಲಂದರ್ ಬಾಬಾಜಾನರ ಮುಖ ನೋಡಿದ. ಬಾಬಾಜಾನ್ ಮುನಿಕೃಷ್ಣನ ಮುಖ ನೋಡಿದರು. ಮುನಿಕೃಷ್ಣನ ಕಣ್ಣ ಮುಂದೆ ಬೆಣ್ಣೆಯಂಥ ಇಂಜಿನ್ನು, ಕ್ಯಾಲೆಂಡರು, ಕೂಗಿ ಮಾತಾಡುವ ಪ್ರಕಾಶ್, ಮೊದಲು ಕಮ್ಮಿಯಾಗಿ ಆಮೇಲೆ ನಿಂತ ಸೌಂಡು ಎಲ್ಲ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಬೆಳಗಿನಿಂದ ಇಡೀ ಕಾರು ಬಿಚ್ಚಿ ಹುಡುಕಿದ ದೋಷ ಕಾರಿನೊಳಗೆ ಈಗಷ್ಟೇ ಬಂದು ಕೂತಿತ್ತು.

"ಅಪ್ಪಂಗೆ ಕಿವಿ ಓಗೈತೆ," ಎಂದು ಜ್ಯೋತಿಲಕ್ಷ್ಮಿ ಪಿಸುಗುಟ್ಟಿದಳು. ಪಿಸುಗುಟ್ಟುವ ಅಗತ್ಯವೇನೂ ಇರಲಿಲ್ಲ.

ಯಾರಾದರೂ ಹೇಳಬೇಕಿತ್ತು. ಮುನಿಕೃಷ್ಣ ಧೈರ್ಯ ತಂದುಕೊಂಡು, ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸೋಣ ಮಾವ ಎಂದ, ತನ್ನ ಮೆಲುದನಿಯಲ್ಲಿ. ಮಾವ ಕನ್ನಡಿ ಸರಿಮಾಡಿಕೊಂಡರು.

"ನಿಂದೇನೂ ತಪ್ಪಿಲ್ಲ ಬುಡು," ಎಂದು ಅವರೇ ಸಮಾಧಾನ ಹೇಳಿದರು. "ಪ್ರಕಾಶಂಗೆ ಕೊಟ್ಬುಡ್ತೀನಿ. ಅವನಾದ್ರೆ ಏನಾದ್ರೂ ಒಂದು ದಾರಿ ಮಾಡ್ತಾನೆ."

ಕೀಲಿ ತಿರುಗಿತು, ರಾಗಿ ಮಿಲ್ಲು ಎದ್ದಿತು. ಬೀದಿ ಇಳಿಜಾರು. ಹ್ಯಾಂಡ್‌ಬ್ರೇಕ್ ಬಿಟ್ಟ ಮಾವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬೇಡ ಮಾವ ಎಂದು ಮುನಿಕೃಷ್ಣ ಬಾಯಿ ತೆರೆಯುವಷ್ಟರಲ್ಲಿ ಹಾರ್ನ್ ಭೋರೆಂದು ಬಾಯಿಬಿಟ್ಟಿತ್ತು.

ಅಂಕಯ್ಯನವರ ಕಣ್ಣು ಅರಳಿತು. ಕಾಲು ಎತ್ತಿದರು, ನಿಂತಿತು. ಮತ್ತೆ ಒತ್ತಿದರು, ಬಂತು. ಅವರು ನಿಧಾನವಾಗಿ ಸೀಟಿಗೆ ಒರಗಿದರು. ಎಷ್ಟೋ ದಿನದಿಂದ ಮನೆಗೆ ಬರದ ಮಗನನ್ನು ಬಾಗಿಲಲ್ಲಿ ಕಂಡಂತಿತ್ತು ಅವರ ಮುಖ.

"ಇದು ಕಣಪ್ಪ ವಾಲಗ ಅಂದ್ರೆ," ಎಂದರು. "ಹಳೇದ್ರಲ್ಲಿ ನೀರಿನೊಳಗೆ ಕೂತು ಊದ್ದಂಗಿರೋದು. ಇದು ನೋಡು, ಮುಹೂರ್ತದಲ್ಲಿ ಊದ್ದಂಗೈತೆ."

"ಮಾವ, ಅದು ಹಾರ್ನು," ಎಂದು ಮುನಿಕೃಷ್ಣ ತನ್ನ ಜನ್ಮದಲ್ಲೇ ಮೊದಲ ಸಲ ಕಿರುಚಿದ. ಅಷ್ಟರಲ್ಲಿ ಮಾವ ಇನ್ನೊಮ್ಮೆ ಬ್ರೇಕ್ ಒತ್ತಿದ್ದರು. ಮಾತು ವಾಲಗದಲ್ಲಿ ಮುಳುಗಿಹೋಯಿತು.

ಅವರು ಕಿಟಕಿಯಿಂದ ಕೈ ಚಾಚಿ ಅಳಿಯನ ಕೆನ್ನೆ ತಟ್ಟಿದರು. ಮದುವೆಯಾದ ಮೇಲೆ ಅವನಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. "ನಿನ್ನ ಕೈನಾಗೆ ಇಷ್ಟು ವಿದ್ಯೆ ಐತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ. ಇಷ್ಟು ಚಂದಾಗಿ ಮಾಡಿದ್ಮೇಲೆ ಈ ಗಾಡಿನ ಇನ್ನೊಬ್ರಿಗೆ ಕೊಡೋಕೆ ಮನಸ್ಸು ಬತ್ತದಾ? ಯಾರ್ಗೂ ಕೊಡಲ್ಲ. ಕೈಕಾಲು ಗಟ್ಟಿ ಇರೋಗಂಟ ನಾನೇ ಓಡುಸ್ತೀನಿ."

ಕಾರು ಮುಂದಕ್ಕೆ ಸರಿಯಿತು. ಏನೋ ಮರೆತವರಂತೆ ಅವರು ಮತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ಬರೋ ಭಾನ್ವಾರ ಹೊಂಗನೂರಿಗೆ ಬಾ. ಪ್ರಕಾಶಂಗೂ ಬರೇಳ್ತೀನಿ. ಪಾಪ, ಅವನ ಗಾಡೀಗೂ ಇಂಥದ್ದೇ ಒಂದು ಹಾಕ್ಕೊಡು."

ಬೀದಿಯ ತುದಿಯಲ್ಲಿ ವಾಲಗ ಒಮ್ಮೆ ಮೊಳಗಿತು. ಆಟೋದವನು ಗೋಡೆಗೆ ಒತ್ತಿಕೊಂಡು ನಿಂತ. ತಿರುವಿನಲ್ಲಿ ಇನ್ನೊಮ್ಮೆ ಮೊಳಗಿತು. ಜನ ದಾರಿ ಬಿಟ್ಟು ಓಡಿದರು. ಅಷ್ಟಾದರೂ ಒಳ್ಳೇದೇ ಆಯ್ತು, ಯಾರೂ ಅಡ್ಡ ಬರಲ್ಲ ಎಂದ ಖಲಂದರ್. ಜ್ಯೋತಿಲಕ್ಷ್ಮಿ ಹೇಗಾದರೂ ಸರಿ ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕೆಂದು ಅಕ್ಕನಿಗೆ ಫೋನು ಹಚ್ಚಿದಳು. ಬಾಗಿಲ ಪಕ್ಕ ಮೊಪೆಡ್ಡು ನಿಂತಿತ್ತು, ಅದರ ಮೇಲೆ ಮಾಗಡಿಗೆ ಹೋಗಬೇಕಾದ ಗೊಂಬೆಗಳ ಮೂಟೆ.

ಕರೆಂಟು ಬಂತು. ಕಾರ್ಖಾನೆಯಲ್ಲಿ ಲೇತು ಗುಂಯ್‌ಗುಟ್ಟಿತು. ಅದೇ ಹೊತ್ತಿಗೆ ಹೊಂಗನೂರಿನ ರಸ್ತೆಯ ಕಡೆಯಿಂದ ವಾಲಗ ಮತ್ತೆ ಎದ್ದಿತು. ಈ ಸಲ ಎದ್ದದ್ದು ನಿಲ್ಲಲಿಲ್ಲ. ಉದ್ದಕ್ಕೆ, ಒಂದೇ ಉಸಿರಿನಲ್ಲಿ, ದೂರ ದೂರಕ್ಕೆ ಹೋಗುತ್ತಲೇ ಇತ್ತು.

"ಮಣಿ ಎಲ್ಲಾ ಪೂರ್ತಿ ಕರಗ್ತು," ಎಂದರು ಬಾಬಾಜಾನ್, ಕಿವಿಗೊಟ್ಟು ಕೇಳಿ. ಮುನಿಕೃಷ್ಣನ ಭುಜದ ಮೇಲೆ ಕೈಯಿಟ್ಟರು. "ಬಣ್ಣ ಮಾತ್ರ ಚಂದಾಗಿ ಕೂತಿತ್ತು ಕಣೋ."